ಅರಮನೆಯ ಕಂಬಗಳ ಮೇಲೆ ಉಳಿದ ಕೈಗಳು: ರವೆನ್ನದ ಭಿತ್ತಿಗಳಲ್ಲಿ ಸಭಾಚರಿತ್ರೆ

ನಾಲ್ಕನೆಯ ಶತಮಾನದ ಕ್ರಿಸ್ತಶಾಸ್ತ್ರದ ವಿವಾದಗಳನ್ನು ನಾವು ಬಹುಮಟ್ಟಿಗೆ ಗ್ರಂಥಗಳಿಂದಲೇ ಅರಿತಿದ್ದೇವೆ. 325ರ ನಿಕೇಯ ಮಹಾಸಭೆ, ಅದರ ವಿಶ್ವಾಸಪ್ರಮಾಣ, ಅಥನಾಸಿಯಸನ ಖಂಡನೆಗಳು, 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ, ಇವನ್ನು ಕ್ರಮವಾಗಿ ಓದಿ ಮುಗಿಸಿದೊಡನೆ ಆರಿಯಸನ ಪ್ರಕರಣವೂ ಮುಗಿಯಿತೆಂದು ಪುಟ ತಿರುವುವುದು ನಮ್ಮ ತರಗತಿಗಳ ವಾಡಿಕೆ. ಆದರೆ ಈ ಗ್ರಂಥಗಳಲ್ಲಿ ಹೆಚ್ಚಿನವು ವಾದದಲ್ಲಿ ಗೆದ್ದವರ ಕಡೆಯಿಂದ ಬಂದವು. ಆರಿಯಸನ ಬರಹಗಳಲ್ಲಿ ನಮಗೆ ಉಳಿದಿರುವುದು ಕೆಲವು ಪತ್ರಗಳು ಮತ್ತು ಎದುರಾಳಿಗಳು ಖಂಡಿಸುವ ಸಲುವಾಗಿ ಉದ್ಧರಿಸಿಕೊಂಡ ತುಣುಕುಗಳು ಮಾತ್ರ. ಅವನು 336ರಲ್ಲಿ ತೀರಿಕೊಂಡನು. ಅವನ ಹೆಸರಿನಿಂದ ಕರೆಯಲ್ಪಟ್ಟ ಸಭೆಗಳು ಅನಂತರ ಎರಡು ಶತಮಾನಗಳಿಗೂ ಮಿಕ್ಕಿ ಬದುಕಿದವು. ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟವು, ಸತ್ತವರನ್ನು ಹೂಳಿದವು, ಕರ್ತನ ಭೋಜನವನ್ನು ಆಚರಿಸಿದವು. ಅವರು ಯಾವ ಕ್ರಿಸ್ತನ ಮುಂದೆ ಮೊಣಕಾಲೂರಿದರು?

ಈ ಪ್ರಶ್ನೆಗೆ ಗ್ರಂಥಗಳು ಕೊಡುವ ಉತ್ತರ ಅರೆಬರೆಯಾದದ್ದು. ಇಟಲಿಯ ಪೂರ್ವ ಕರಾವಳಿಯ ರವೆನ್ನ ನಗರದ ಗೋಡೆಗಳು ಮಾತ್ರ ಒಂದು ಉತ್ತರವನ್ನು ಕಣ್ಣೆದುರು ಇಡುತ್ತವೆ. ಆರಿಯಪಂಥದವರು ತಮಗಾಗಿ ಮಾಡಿಸಿಕೊಂಡ ಕ್ರಿಸ್ತನ ಚಿತ್ರಗಳು ಅಲ್ಲಿ ಇಂದಿಗೂ ಇವೆ. ಅವನ್ನು ಇತಿಹಾಸದ ಸಾಕ್ಷಿಯಾಗಿ ಹೇಗೆ ಓದಬೇಕು, ಆ ಸಾಕ್ಷಿಯ ಮಾತನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮೊದಲು ನಗರದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ಜವುಗುಭೂಮಿಯ ನಡುವೆ, ಶತ್ರುಸೈನ್ಯಕ್ಕೆ ಸುಲಭವಾಗಿ ಎಟುಕದ ಸ್ಥಳವಾಗಿದ್ದುದರಿಂದ ಚಕ್ರವರ್ತಿ ಹೊನೋರಿಯಸನು 402ರಲ್ಲಿ ತನ್ನ ಆಸ್ಥಾನವನ್ನು ರವೆನ್ನಕ್ಕೆ ತಂದನು. ಪಕ್ಕದಲ್ಲೇ ಕ್ಲಾಸಿಸ್ ಎಂಬ ಬಂದರು ಇತ್ತು. 476ರಲ್ಲಿ ಪಶ್ಚಿಮದ ಕಡೆಯ ಚಕ್ರವರ್ತಿಯನ್ನು ಪದಚ್ಯುತಗೊಳಿಸಿದ ಓಡೊವಾಕರನೂ ಇಲ್ಲಿಂದಲೇ ಆಳಿದನು. 493ರಲ್ಲಿ ಅವನನ್ನು ಕೊಂದು ಪೂರ್ವ ಗಾಥರ ಅರಸ ಥಿಯೊಡೊರಿಕನು ರವೆನ್ನವನ್ನು ತನ್ನ ರಾಜಧಾನಿಯಾಗಿಸಿಕೊಂಡನು. 526ರಲ್ಲಿ ಸಾಯುವವರೆಗೂ ಇಟಲಿಯನ್ನು ಆಳಿದನು.

ಗಾಥ್ ಜನರಿಗೆ ಸುವಾರ್ತೆಯನ್ನು ಅವರ ಮಾತಿನಲ್ಲೇ ಕೊಟ್ಟವನು ಬಿಷಪ್ ಉಲ್ಫಿಲಾಸ್. ಅವರ ಭಾಷೆಗೆ ಲಿಪಿಯನ್ನು ರಚಿಸಿ ಸತ್ಯವೇದವನ್ನು ಭಾಷಾಂತರಿಸಿದ ಈತನನ್ನು ಬಿಷಪ್ ಪದವಿಗೆ ಅಭಿಷೇಕಿಸಿದವನು ನಿಕೊಮೀಡಿಯದ ಯೂಸೇಬಿಯಸ್, ಅಂದರೆ ಆರಿಯಸನ ಪರ ನಿಂತವನು. ಗಾಥರು ಮೊದಲೇ ಯುದ್ಧಪ್ರಿಯರು, ಅವರ ಕೈಗೆ ಯುದ್ಧಕಥನಗಳನ್ನು ಕೊಡುವುದು ಬೇಡವೆಂದು ಈತನು ಅರಸುಗಳ ಪುಸ್ತಕಗಳನ್ನು ಭಾಷಾಂತರಿಸದೆ ಬಿಟ್ಟನೆಂದು ಫಿಲೊಸ್ಟೋರ್ಗಿಯಸನೆಂಬ ಚರಿತ್ರಕಾರನು ದಾಖಲಿಸಿದ್ದಾನೆ. ಸತ್ಯವೇದ ಭಾಷಾಂತರಕಾರರ ಸಾಲಿನಲ್ಲಿ ಇಂಥ ಪಾಲಕನ ಎಚ್ಚರಿಕೆ ತೋರಿದವರು ಮತ್ತೊಬ್ಬರಿದ್ದಾರೋ ಇಲ್ಲವೋ! ಅದಿರಲಿ, ಗಾಥರು ತಮ್ಮನ್ನು ತಾವೇ 'ಆರಿಯಪಂಥದವರು' ಎಂದು ಕರೆದುಕೊಳ್ಳಲಿಲ್ಲ. ಅದು ಎದುರಾಳಿಗಳು ಹಚ್ಚಿದ ಹೆಸರು. ರವೆನ್ನದಿಂದ ಅದೇ ಕರಾವಳಿಯಲ್ಲಿ ದಕ್ಷಿಣಕ್ಕಿರುವ ರಿಮಿನಿಯಲ್ಲಿ 359ರಲ್ಲಿ ಕೂಡಿದ ಮಹಾಸಭೆಯು ಸಾಮ್ರಾಟನ ಒತ್ತಾಯದಿಂದ ಒಪ್ಪಿದ ಸೂತ್ರಕ್ಕೆ ಅವರ ವಿಶ್ವಾಸ ಹತ್ತಿರವಾಗಿತ್ತು. ಮಗನು ತಂದೆಗೆ 'ಸದೃಶನು' ಎಂದು ಆ ಸೂತ್ರ ಹೇಳುತ್ತದೆ. 'ಏಕಸತ್ವವುಳ್ಳವನು' ಎಂಬ ನಿಕೇಯದ ಪದ ಅದರಲ್ಲಿಲ್ಲ.

ಹೀಗೆ ಥಿಯೊಡೊರಿಕನ ರಾಜಧಾನಿಯಲ್ಲಿ ಎರಡು ಸಭೆಗಳು ಅಕ್ಕಪಕ್ಕದಲ್ಲಿ ಬಾಳಿದವು: ಲ್ಯಾಟಿನ್ ನುಡಿಯುವ ರೋಮನ್ನರ ನಿಕೇಯ ಸಭೆ, ಗಾಥಿಕ್ ನುಡಿಯುವ ಆಳರಸರ ಆರಿಯ ಸಭೆ. ಒಂದೊಂದಕ್ಕೂ ಅದರದೇ ಬಿಷಪ್, ಅದರದೇ ಮಹಾದೇವಾಲಯ, ಅದರದೇ ದೀಕ್ಷಾಸ್ನಾನಗೃಹ. ಅರಸನ ಮನೆಯೊಳಗೂ ಇದೇ ಸ್ಥಿತಿ; ಅವನ ತಾಯಿ ಎರೆಲ್ಯೂವ ನಿಕೇಯ ವಿಶ್ವಾಸವನ್ನು ಸ್ವೀಕರಿಸಿ ಯೂಸೇಬಿಯ ಎಂಬ ಹೆಸರು ಪಡೆದಿದ್ದಳು. 498ರಲ್ಲಿ ರೋಮಿನಲ್ಲಿ ಇಬ್ಬರು ಪೋಪರು ಏಕಕಾಲಕ್ಕೆ ಆಯ್ಕೆಯಾದಾಗ ಇತ್ಯರ್ಥಕ್ಕಾಗಿ ಎರಡೂ ಪಕ್ಷದವರು ಬಂದದ್ದು ಈ ಆರಿಯಪಂಥದ ಅರಸನ ಬಳಿಗೆ. ನಂಬಿಕೆಯನ್ನು ಬಲವಂತದಿಂದ ಹೇರಲಾಗದು ಎಂಬ ಅರ್ಥದ ಮಾತನ್ನು ಅವನು ಜಿನೋವದ ಯೆಹೂದ್ಯರಿಗೆ ಬರೆಸಿದ ಪತ್ರದಲ್ಲಿ ಕಾಣುತ್ತೇವೆ. ಅದನ್ನು ಅವನ ಪರವಾಗಿ ರಚಿಸಿದವನು ನಿಕೇಯ ವಿಶ್ವಾಸಿಯಾದ ಕಾಸ್ಸಿಯೊಡೋರಸ್. ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಚಿತ್ರಿಸುವುದು ಸರಿಯಲ್ಲ. ಕೊನೆಯ ವರ್ಷಗಳಲ್ಲಿ, ಪೂರ್ವದಲ್ಲಿ ಆರಿಯಪಂಥದವರ ಮೇಲೆ ಚಕ್ರವರ್ತಿ ಕ್ರಮ ಕೈಗೊಂಡಾಗ, ಸಂಶಯಗ್ರಸ್ತನಾದ ಇದೇ ಅರಸನು ತತ್ತ್ವಜ್ಞಾನಿ ಬೊಯೇಥಿಯಸನಿಗೆ ಮರಣದಂಡನೆ ವಿಧಿಸಿದನು. ಪೋಪ್ ಒಂದನೆಯ ಯೋಹಾನನು 526ರಲ್ಲಿ ಅವನ ಸೆರೆಯಲ್ಲೇ ಸತ್ತನು.

ಈಗ ಎರಡು ದೀಕ್ಷಾಸ್ನಾನಗೃಹಗಳನ್ನು ನೋಡೋಣ. ಒಂದರಿಂದ ಇನ್ನೊಂದಕ್ಕೆ ಕೆಲವು ನಿಮಿಷಗಳ ಕಾಲ್ನಡಿಗೆಯ ದಾರಿ. ಎರಡೂ ಎಂಟು ಮೂಲೆಯ ಇಟ್ಟಿಗೆ ಕಟ್ಟಡಗಳು, ಎರಡರ ಗುಮ್ಮಟದೊಳಗೂ ಮೊಸಾಯಿಕ್ ಚಿತ್ರಗಳು. ನಿಕೇಯ ಸಭೆಯದನ್ನು ಐದನೆಯ ಶತಮಾನದ ಮಧ್ಯದಲ್ಲಿ ಬಿಷಪ್ ನಿಯೋನನು ಅಲಂಕರಿಸಿದನು. ಆರಿಯ ಸಭೆಯದು ಥಿಯೊಡೊರಿಕನ ಆಳ್ವಿಕೆಯದು. ಎರಡರ ನಡುವೃತ್ತದಲ್ಲೂ ಕ್ರಿಸ್ತನು ಯೊರ್ದನ್ ಹೊಳೆಯಲ್ಲಿ ಸೊಂಟದವರೆಗಿನ ನೀರಿನಲ್ಲಿ ಬೆತ್ತಲೆಯಾಗಿ ನಿಂತಿದ್ದಾನೆ; ಬಂಡೆಯ ಮೇಲೆ ಸ್ನಾನಿಕನಾದ ಯೋಹಾನ, ಮೇಲೆ ಪಾರಿವಾಳ, ಪಕ್ಕದಲ್ಲಿ ಹೊಳೆಯೇ ಮುದುಕನ ರೂಪ ತಾಳಿ ನೋಡುತ್ತಿದೆ. ನದಿಗೆ ಮನುಷ್ಯರೂಪ ಕೊಡುವುದು ಗ್ರೀಕ್-ರೋಮನ್ ಕಲೆಯ ಹಳೆಯ ಪದ್ಧತಿ. ಎರಡು ಸಭೆಗಳೂ ಯಾವ ಸಂಕೋಚವೂ ಇಲ್ಲದೆ ಅದನ್ನು ಎತ್ತಿಕೊಂಡಿವೆ. ಆರಿಯ ಗುಮ್ಮಟದ ಮುದುಕನ ತಲೆಯ ಮೇಲೆ ಏಡಿಯ ಕೊಂಡಿಗಳು ಕೂಡ ಇವೆ. ನಡುವೃತ್ತದ ಸುತ್ತ ಹನ್ನೆರಡು ಮಂದಿ ಅಪೊಸ್ತಲರು ಪೇತ್ರ ಪೌಲರ ಮುಂದಾಳುತನದಲ್ಲಿ ಎರಡು ಸಾಲಾಗಿ ನಡೆಯುತ್ತಾರೆ.

ಭೇದಗಳಿಲ್ಲವೆಂದಲ್ಲ. ಆರಿಯ ಗುಮ್ಮಟದಲ್ಲಿ ಪೇತ್ರ ಪೌಲರ ನಡುವೆ ಒಂದು ಸಿಂಹಾಸನವಿದೆ. ಅದರ ಮೇಲೆ ನೇರಳೆ ಬಣ್ಣದ ದಿಂಬು, ದಿಂಬಿನ ಮೇಲೆ ರತ್ನಖಚಿತ ಶಿಲುಬೆ. ನಿಯೋನನ ಗುಮ್ಮಟದಲ್ಲಿ ಅಪೊಸ್ತಲರ ನಡುವೆ ಸಿಂಹಾಸನವಿಲ್ಲ. ಆರಿಯ ಗುಮ್ಮಟದ ಕ್ರಿಸ್ತನು ಗಡ್ಡವಿಲ್ಲದ ಎಳೆಯ ಯುವಕ, ನಿಯೋನನದರಲ್ಲಿ ಗಡ್ಡಧಾರಿ. ಇಷ್ಟನ್ನು ಆಧಾರವಾಗಿಟ್ಟುಕೊಂಡು ಕೆಲವು ವಿದ್ವಾಂಸರು ಎಳೆಯ ಕ್ರಿಸ್ತನೆಂದರೆ ಆರಿಯಸನ 'ಸೃಷ್ಟನಾದ ಮಗ', ಬರಿದಾದ ಸಿಂಹಾಸನವೆಂದರೆ ಮಗನ ಅಧೀನತೆ ಎಂದು ಅರ್ಥ ಹಚ್ಚಿದ್ದುಂಟು. ಗ್ರಂಥದಲ್ಲಿ ಓದಿದ ಸಿದ್ಧಾಂತವನ್ನು ಗೋಡೆಯ ಮೇಲೆ ಹುಡುಕಹೊರಟವನಿಗೆ ಅದು ಸಿಕ್ಕಿಯೇ ಸಿಗುತ್ತದೆ. ಆದರೆ ಗೋಡೆಯನ್ನೇ ಮೊದಲು ಪರೀಕ್ಷಿಸಿದರೆ ಈ ವಾದ ನಿಲ್ಲುವುದಿಲ್ಲ.

ಮೊದಲನೆಯದಾಗಿ, ನಿಯೋನನ ಗುಮ್ಮಟದಲ್ಲಿ ನಾವು ಕಾಣುವ ಕ್ರಿಸ್ತನ ತಲೆಯಾಗಲಿ ಯೋಹಾನನ ತಲೆ ಮತ್ತು ಬಲಗೈಯಾಗಲಿ ಐದನೆಯ ಶತಮಾನದವಲ್ಲ. ಅವು ಹತ್ತೊಂಬತ್ತನೆಯ ಶತಮಾನದ ಜೀರ್ಣೋದ್ಧಾರದಲ್ಲಿ ಹೊಸದಾಗಿ ಕೂಡಿಸಿದವು. ಯೋಹಾನನು ಕ್ರಿಸ್ತನ ತಲೆಯ ಮೇಲೆ ತಟ್ಟೆಯಿಂದ ನೀರು ಹೊಯ್ಯುವ ಭಂಗಿಯೂ ಆ ದುರಸ್ತಿಗಾರರದೇ. ದೀಕ್ಷಾಸ್ನಾನದ ವಿಧಿಯನ್ನು ಕುರಿತ ಚರ್ಚೆಯಲ್ಲಿ ಈ ಚಿತ್ರವನ್ನು ಪ್ರಾಚೀನ ಸಾಕ್ಷಿಯಾಗಿ ಮುಂದಿಡುವವರು ಇದನ್ನು ಗಮನಿಸಬೇಕು. ಎರಡನೆಯದಾಗಿ, ಶಿಲುಬೆಯನ್ನಿಟ್ಟ ಸಿಂಹಾಸನವು ನಿಕೇಯ ವಿಶ್ವಾಸಿಗಳಿಗೆ ಅಪರಿಚಿತವಲ್ಲ. ರೋಮಿನ ಸಾಂತ ಮರಿಯ ಮಜ್ಜೋರೆ ದೇವಾಲಯದ ಕಮಾನಿನ ನೆತ್ತಿಯಲ್ಲಿ, 430ರ ದಶಕದಲ್ಲಿ, ಅದು ಬಂದಿದೆ. ನಿಯೋನನ ಗುಮ್ಮಟದಲ್ಲೇ ಕೆಳಗಿನ ಪಟ್ಟಿಯಲ್ಲಿ ಸಿಂಹಾಸನಗಳಿವೆ. ಮೂರನೆಯದಾಗಿ, ಗಡ್ಡವಿಲ್ಲದ ಕ್ರಿಸ್ತನಿಗಾಗಿ ಆರಿಯರ ಕಟ್ಟಡಕ್ಕೆ ಹೋಗಬೇಕಾಗಿಲ್ಲ. ರವೆನ್ನದ ನಿಕೇಯ ಬಿಷಪರು ಕಟ್ಟಿಸಿದ ಸಾನ್ ವಿತಾಲೆ ದೇವಾಲಯದ ಗರ್ಭಭಾಗದಲ್ಲಿ ನೀಲಿ ಗೋಳದ ಮೇಲೆ ಕುಳಿತಿರುವ ಕ್ರಿಸ್ತನೂ ಗಡ್ಡವಿಲ್ಲದ ಯುವಕನೇ.

ಮೊಸಾಯಿಕ್ ಚಿತ್ರವನ್ನು ಇತಿಹಾಸಕಾರನು ಹೇಗೆ ಓದುತ್ತಾನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಹಸಿ ಗಾರೆಯ ಮೇಲೆ ಬಣ್ಣದ ಗಾಜಿನ ಮತ್ತು ಕಲ್ಲಿನ ಸಣ್ಣ ಚೂರುಗಳನ್ನು ಒತ್ತಿ ಕೂರಿಸುವುದು ಈ ಕಲೆಯ ಕ್ರಮ. ಹೊನ್ನಿನ ಬಣ್ಣಕ್ಕಾಗಿ ಗಾಜಿನ ಎರಡು ಪದರಗಳ ನಡುವೆ ಚಿನ್ನದ ರೇಕನ್ನು ಸೇರಿಸುತ್ತಾರೆ. ಗಾರೆ ಆರುವ ಮುನ್ನ ಕೆಲಸ ಮುಗಿಯಬೇಕಾದ್ದರಿಂದ ಚಿತ್ರವನ್ನು ತುಂಡುತುಂಡಾಗಿ ಮಾಡಲಾಗುತ್ತದೆ. ಮುಂದೆ ಯಾರಾದರೂ ಒಂದು ಆಕೃತಿಯನ್ನು ತೆಗೆಯಬೇಕೆಂದರೆ ಬಣ್ಣ ಬಳಿದರೆ ಸಾಲದು. ಗಾರೆಸಹಿತ ಕಿತ್ತು, ಹೊಸ ಗಾರೆ ತುಂಬಿ, ಹೊಸ ಚೂರುಗಳನ್ನು ಕೂರಿಸಬೇಕು. ಹಳೆಯದಕ್ಕೂ ಹೊಸದಕ್ಕೂ ನಡುವೆ ಬೆಸುಗೆಯ ಗೆರೆ ಉಳಿಯುತ್ತದೆ; ಚೂರುಗಳ ಗಾತ್ರ, ಬಣ್ಣ, ಕೂರಿಸಿದ ಕೋನ ಬದಲಾಗುತ್ತವೆ. ನಮ್ಮ ಶಾಸನತಜ್ಞರು ಕಲ್ಲಿನಲ್ಲಿ ಅಕ್ಷರಗಳನ್ನಷ್ಟೇ ಅಲ್ಲ, ಉಜ್ಜಿ ಅಳಿಸಿದ ಸಾಲನ್ನೂ ಗುರುತಿಸಿ ಯಾವ ಅರಸನ ಹೆಸರನ್ನು ಯಾರು ಅಳಿಸಿರಬಹುದೆಂದು ಕೇಳುತ್ತಾರಲ್ಲವೆ? ಇದೂ ಅಂಥದೇ ಓದು.

ಇಂಥ ಓದಿಗೆ ಅತ್ಯುತ್ತಮ ಪಾಠಶಾಲೆಯೆಂದರೆ ಇಂದು ಸಾಂತ್ ಅಪೊಲ್ಲಿನಾರೆ ನುವೊವೊ ಎಂದು ಕರೆಯಲಾಗುವ ದೇವಾಲಯ. ಥಿಯೊಡೊರಿಕನು ಆರನೆಯ ಶತಮಾನದ ಆದಿಯಲ್ಲಿ ತನ್ನ ಅರಮನೆಯ ಪಕ್ಕದಲ್ಲಿ ಇದನ್ನು ಕಟ್ಟಿಸಿ ಕರ್ತನಾದ ಯೇಸು ಕ್ರಿಸ್ತನ ಹೆಸರಿಗೆ ಅರ್ಪಿಸಿದನು. ಒಳಗೆ ಎರಡು ಕಡೆಗೂ ಹನ್ನೆರಡು ಹನ್ನೆರಡು ಅಮೃತಶಿಲೆಯ ಕಂಬಗಳು. ಕಂಬಗಳ ಮೇಲಿನ ಎರಡೂ ಗೋಡೆಗಳ ಉದ್ದಕ್ಕೂ ಮೂರು ಅಂತಸ್ತಿನ ಮೊಸಾಯಿಕ್. ತೀರ ಮೇಲಿನ ಅಂತಸ್ತಿನಲ್ಲಿ ಗೋಡೆಗೆ ಹದಿಮೂರರಂತೆ 26 ಸುವಾರ್ತಾಚಿತ್ರಗಳಿವೆ. ಮಧ್ಯದಲ್ಲಿ ಕಿಟಕಿಗಳ ನಡುವೆ ಪುಸ್ತಕ ಅಥವಾ ಸುರುಳಿಗಳನ್ನು ಹಿಡಿದ ಪುರುಷಾಕೃತಿಗಳು. ಕೆಳಗಿನ ಅಂತಸ್ತಿನಲ್ಲಿ ಪೂಜ್ಯವೇದಿಯ ಕಡೆಗೆ ಸಾಗುವ ಎರಡು ಮೆರವಣಿಗೆಗಳು.

ಮೇಲಿನ 26 ಚಿತ್ರಗಳನ್ನು ಮೊದಲು ಗಮನಿಸೋಣ, ಏಕೆಂದರೆ ಆರಿಯ ಸಭೆಯೊಂದು ಸುವಾರ್ತೆಯನ್ನು ಹೇಗೆ ಕಂಡಿತೆಂಬುದಕ್ಕೆ ಇಷ್ಟು ವಿಸ್ತಾರವಾದ ಚಿತ್ರಸಾಕ್ಷಿ ಬೇರೆಡೆ ಉಳಿದಿಲ್ಲ. ಉತ್ತರದ ಗೋಡೆಯಲ್ಲಿ ಅದ್ಭುತಕಾರ್ಯಗಳು ಮತ್ತು ಸಾಮ್ಯಗಳು. ಇಲ್ಲಿ ಕ್ರಿಸ್ತನಿಗೆ ಗಡ್ಡವಿಲ್ಲ. ದಕ್ಷಿಣದ ಗೋಡೆಯಲ್ಲಿ ಕಡೇ ಭೋಜನದಿಂದ ಪುನರುತ್ಥಾನದವರೆಗಿನ ಘಟನೆಗಳು. ಇಲ್ಲಿ ಅವನಿಗೆ ಗಡ್ಡವಿದೆ. ಕುರಿ-ಆಡುಗಳನ್ನು ಬೇರ್ಪಡಿಸುವ ಚಿತ್ರದಲ್ಲಿ ಕ್ರಿಸ್ತನ ಅಕ್ಕಪಕ್ಕದಲ್ಲಿ ಇಬ್ಬರು ದೇವದೂತರು, ಕುರಿಗಳ ಕಡೆಯವನು ಕೆಂಪು, ಆಡುಗಳ ಕಡೆಯವನು ನೀಲಿ. ಕಡೇ ಭೋಜನದಲ್ಲಿ ಕರ್ತನೂ ಶಿಷ್ಯರೂ ರೋಮನ್ನರ ಕ್ರಮದಂತೆ ಅರ್ಧಚಂದ್ರಾಕಾರದ ಮೇಜಿನ ಸುತ್ತ ಒರಗಿ ಕುಳಿತಿದ್ದಾರೆ. ಮೇಜಿನ ಮೇಲೆ ರೊಟ್ಟಿಗಳ ಜೊತೆಗೆ ಎರಡು ದೊಡ್ಡ ಮೀನುಗಳು. ಪಸ್ಕದ ಕುರಿ ಎಲ್ಲಿ ಹೋಯಿತೆಂದು ಕೇಳುವವರಿಗೆ ಉತ್ತರ ಸುವಾರ್ತೆಯಲ್ಲಿಲ್ಲ, ಆದಿಸಭೆಯ ಚಿತ್ರಸಂಪ್ರದಾಯದಲ್ಲಿದೆ. ಕುರೇನೆಯ ಸೀಮೋನನು ಶಿಲುಬೆ ಹೊತ್ತು ನಡೆಯುವ ಚಿತ್ರದ ನಂತರ ಒಮ್ಮೆಲೇ ಹೆಂಗಸರು ಬರಿದಾದ ಸಮಾಧಿಯ ಮುಂದೆ ನಿಂತಿದ್ದಾರೆ. ನಡುವೆ ಶಿಲುಬೆಗೇರಿಸಿದ ಚಿತ್ರವಿಲ್ಲ. ಇದನ್ನೂ ಪಂಥದ ಗುರುತೆಂದು ತಿಳಿಯಬಾರದು. ಆ ಕಾಲದವರೆಗೆ ಶಿಲುಬೆಯ ಮೇಲಿನ ಕ್ರಿಸ್ತನ ಚಿತ್ರಣ ಎಲ್ಲ ಸಭೆಗಳಲ್ಲೂ ವಿರಳವಾಗಿತ್ತು. ರೋಮಿನ ಸಾಂತ ಸಬೀನ ದೇವಾಲಯದ ಮರದ ಬಾಗಿಲಿನ ಕೆತ್ತನೆ ನಮಗೆ ತಿಳಿದಿರುವ ಅತಿ ಹಳೆಯವುಗಳಲ್ಲೊಂದು.

ಪೋಪ್ ಮಹಾ ಗ್ರೆಗೊರಿಯು ಸುಮಾರು 600ರ ಹೊತ್ತಿಗೆ ಮಾರ್ಸೇಯ ಬಿಷಪ್ ಸೆರೇನಸನಿಗೆ ಬರೆದು, ಓದುಬಾರದವರಿಗೆ ಚಿತ್ರಗಳೇ ಓದಾಗುವುದರಿಂದ ಅವನ್ನು ಒಡೆಯಬಾರದೆಂದು ತಿಳಿಸಿದನೆಂಬುದು ನಮ್ಮೆಲ್ಲರಿಗೂ ಗೊತ್ತಿರುವ ವಿಷಯ. ದೇವಾಲಯದ ಚಿತ್ರಗಳನ್ನು ವಿವರಿಸಲು ಈ ಮಾತನ್ನೇ ಮತ್ತೆ ಮತ್ತೆ ಬಳಸುತ್ತೇವೆ. ರವೆನ್ನದ ಮಟ್ಟಿಗೆ ಅದು ಸಾಲದೆಂದು ನಮಗೆ ತೋರುತ್ತದೆ. ಛಾವಣಿಯ ಹತ್ತಿರ ಅಷ್ಟು ಎತ್ತರದಲ್ಲಿರುವ ಸಣ್ಣ ಚಿತ್ರಗಳು ನೆಲದ ಮೇಲೆ ನಿಂತ ಬಡವನಿಗೆ ಪಾಠವಾಗಿದ್ದವೆನ್ನುವುದು ಕಷ್ಟ. ಅವು ಮನುಷ್ಯರಿಗೆ ಕಲಿಸುವುದಕ್ಕಿಂತ ಹೆಚ್ಚಾಗಿ ದೇವರಿಗೆ ಅರ್ಪಿಸಿದವು.

ಈಗ ಕೆಳಗಿನ ಅಂತಸ್ತು. 535ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಗಾಥರ ಮೇಲೆ ಯುದ್ಧ ಆರಂಭಿಸಿದನು. 540ರಲ್ಲಿ ಅವನ ಸೇನಾಪತಿ ಬೆಲಿಸಾರಿಯಸನು ರವೆನ್ನವನ್ನು ವಶಪಡಿಸಿಕೊಂಡನು. ಇಟಲಿಯನ್ನು ಹಾಳುಗೆಡವಿದ ಯುದ್ಧ ಮುಂದೆ ಒಂದು ದಶಕಕ್ಕೂ ಹೆಚ್ಚು ಕಾಲ ನಡೆದು ಗಾಥರ ರಾಜ್ಯ ಅಳಿಯಿತು. ಅನಂತರ ಆರಿಯ ಸಭೆಯ ಆಸ್ತಿಯೆಲ್ಲವೂ ಸಾಮ್ರಾಟನ ಆಜ್ಞೆಯಿಂದ ನಿಕೇಯ ಸಭೆಗೆ ಸೇರಿತು. ಬಿಷಪ್ ಅಗ್ನೆಲ್ಲಸನು (557–570) ಆರಿಯರ ದೇವಾಲಯಗಳನ್ನು ಮರುಪ್ರತಿಷ್ಠೆ ಮಾಡಿದನು. ಅರಮನೆಯ ದೇವಾಲಯಕ್ಕೆ ತೂರ್‌ನ ಮಾರ್ಟಿನನ ಹೆಸರನ್ನಿಟ್ಟನು. ಈ ಆಯ್ಕೆ ಆಕಸ್ಮಿಕವಲ್ಲ: ಮಾರ್ಟಿನನು ಆರಿಯಪಂಥದ ಕಟುವಿರೋಧಿಯಾದ ಹಿಲರಿಯ ಶಿಷ್ಯನು. ಈಗಿರುವ ಅಪೊಲ್ಲಿನಾರಿಸನ ಹೆಸರು ಬಂದದ್ದು ಒಂಬತ್ತನೆಯ ಶತಮಾನದಲ್ಲಿ.

ಅಗ್ನೆಲ್ಲಸನು ಮಾಡಿಸಿದ ಬದಲಾವಣೆಗಳನ್ನು ಗೋಡೆಯೇ ಹೇಳುತ್ತದೆ. ಉತ್ತರದ ಗೋಡೆಯಲ್ಲಿ ಕ್ಲಾಸಿಸ್ ಬಂದರಿನಿಂದ ಹೊರಟ 22 ಮಂದಿ ಕನ್ಯಾ ಹತಸಾಕ್ಷಿಗಳು ಮೂಡಣ ಜೋಯಿಸರ ಹಿಂದೆ ನಡೆದು, ಮಗುವನ್ನು ತೊಡೆಯ ಮೇಲಿರಿಸಿಕೊಂಡ ಮರಿಯಳ ಬಳಿಗೆ ಬರುತ್ತಾರೆ. ದಕ್ಷಿಣದಲ್ಲಿ ಥಿಯೊಡೊರಿಕನ ಅರಮನೆಯಿಂದ ಹೊರಟ 26 ಮಂದಿ ಪುರುಷ ಹತಸಾಕ್ಷಿಗಳು ಸಿಂಹಾಸನಾರೂಢನಾದ ಕ್ರಿಸ್ತನ ಕಡೆಗೆ ಸಾಗುತ್ತಾರೆ. ಮುಂದಾಳು ಮಾರ್ಟಿನ್, ಮಿಕ್ಕವರೆಲ್ಲ ಬಿಳಿಯುಡುಗೆಯಲ್ಲಿದ್ದರೆ ಅವನೊಬ್ಬನದು ನೇರಳೆ ಮೇಲಂಗಿ. ಎರಡು ತುದಿಗಳಲ್ಲಿರುವ ಬಂದರು, ಅರಮನೆ, ಮರಿಯಳು, ಕ್ರಿಸ್ತನು ಥಿಯೊಡೊರಿಕನ ಕಾಲದವು. ನಡುವಿನ ಮೆರವಣಿಗೆಗಳು ಅಗ್ನೆಲ್ಲಸನ ಕಾಲದವು. ಮೊದಲು ಆ ಜಾಗದಲ್ಲಿ ಅರಸನೂ ಅವನ ಆಸ್ಥಾನಿಕರೂ ಕ್ರಿಸ್ತನ ಕಡೆಗೆ ನಡೆಯುತ್ತಿದ್ದಿರಬೇಕೆಂಬುದು ಬಹುಜನ ವಿದ್ವಾಂಸರ ಊಹೆ.

ಅರಮನೆಯ ಚಿತ್ರದ ಮೇಲೆ 'ಪಲಾತಿಯುಂ' ಎಂಬ ಲ್ಯಾಟಿನ್ ಪದ ಬರೆದಿದೆ. ಅದರ ಕಮಾನುಸಾಲಿನ ಒಂದೊಂದು ಕಮಾನಿನಲ್ಲೂ ಹಿಂದೆ ಒಬ್ಬೊಬ್ಬ ವ್ಯಕ್ತಿ ನಿಂತಿದ್ದನು. ಅವರನ್ನು ಕಿತ್ತು ತೆಗೆದು ಆ ಜಾಗಗಳಲ್ಲಿ ಗಂಟು ಹಾಕಿ ಇಳಿಬಿಟ್ಟ ಬಿಳಿಯ ಪರದೆಗಳನ್ನು ಕೂರಿಸಿದ್ದಾರೆ. ನಡುವಣ ಹೆಗ್ಗಮಾನು ಬರಿಯ ಹೊನ್ನಿನ ಬಯಲಾಗಿದೆ. ಆದರೆ ಆ ವ್ಯಕ್ತಿಗಳಲ್ಲಿ ಕೆಲವರ ಚಾಚಿದ ಕೈ ಕಮಾನಿನಾಚೆ ಕಂಬದ ಮೇಲೆ ಬಂದಿತ್ತು. ಕಂಬವನ್ನು ಕೆಡವದೆ ಅದನ್ನು ತೆಗೆಯುವಂತಿರಲಿಲ್ಲ. ಹಾಗಾಗಿ ಇಂದಿಗೂ ಬಿಳಿಯ ಕಂಬಗಳ ಮೇಲೆ ಮೈಯಿಲ್ಲದ ಕೈಗಳು ಕಾಣುತ್ತವೆ. ಬಂದರಿನ ಕಡೆಯ ಗೋಡೆಯಲ್ಲೂ ನಗರದ ಕೋಟೆಯ ಮುಂದೆ ನಿಂತಿದ್ದವರನ್ನು ತೆಗೆದು ಇಟ್ಟಿಗೆಯ ವಿನ್ಯಾಸ ತುಂಬಿದ್ದಾರೆ. ದಿಟ್ಟಿಸಿದರೆ ಆಕೃತಿಗಳ ಸುತ್ತುಗೆರೆ ತಿಳಿಯುತ್ತದೆ.

ಕೈಗಳನ್ನು ಬೇಕೆಂದೇ ಬಿಟ್ಟರು, 'ನೋಡಿ, ಇಲ್ಲಿದ್ದವರನ್ನು ಅಳಿಸಿದ್ದೇವೆ' ಎಂಬ ಎಚ್ಚರಿಕೆಗಾಗಿ, ಎಂದು ವಾದಿಸುವವರಿದ್ದಾರೆ. ಖರ್ಚಿನ ಮಿತವ್ಯಯವೇ ಸಾಕಷ್ಟು ಕಾರಣವೆಂದು ನಮಗನಿಸುತ್ತದೆ. ಹೇಗಿದ್ದರೂ ಇತಿಹಾಸದ ದೃಷ್ಟಿಯಿಂದ ಮುಖ್ಯವಾದ ಪ್ರಶ್ನೆ ಬೇರೆ: ಅಗ್ನೆಲ್ಲಸನು ಏನನ್ನು ತೆಗೆಯಲಿಲ್ಲ?

ಮೇಲಿನ 26 ಚಿತ್ರಗಳನ್ನು ಅವನು ಮುಟ್ಟಲಿಲ್ಲ. ಎಳೆಯ ಕ್ರಿಸ್ತನೂ ಗಡ್ಡದ ಕ್ರಿಸ್ತನೂ ಹಾಗೆಯೇ ಉಳಿದರು. ಸಿಂಹಾಸನದ ಮೇಲಿನ ಕ್ರಿಸ್ತನನ್ನು ಮುಟ್ಟಲಿಲ್ಲ. ಮರಿಯಳನ್ನು ಮುಟ್ಟಲಿಲ್ಲ. ಆರಿಯರ ದೀಕ್ಷಾಸ್ನಾನಗೃಹವು ಮರಿಯಳ ಹೆಸರಿನ ಪ್ರಾರ್ಥನಾಲಯವಾಯಿತು. ಅದರ ಗುಮ್ಮಟದ ಕ್ರಿಸ್ತನೂ ಶಿಲುಬೆಯ ಸಿಂಹಾಸನವೂ ಅಲ್ಲೇ ಇವೆ. ಅವನೇನು ಉದಾಸೀನನಾಗಿರಲಿಲ್ಲ. ಪಂಥದ ಗುರುತುಗಳನ್ನು ಒರೆಸುವುದೇ ಅವನ ಕೆಲಸವಾಗಿತ್ತು; ಅದಕ್ಕಾಗಿ ಕುಶಲರಾದ ಕೆಲಸಗಾರರೂ ಹಣವೂ ಅವನ ಬಳಿ ಇದ್ದವು. ಗೋಡೆಯ ಅಷ್ಟುದ್ದವನ್ನು ಕಿತ್ತು ಹೊಸದಾಗಿ ಮಾಡಿಸಿದವನಿಗೆ, ಮೇಲಿನ ಒಂದು ಚಿತ್ರದಲ್ಲಿ ದುರ್ಬೋಧನೆ ಕಂಡಿದ್ದರೆ ಅದನ್ನು ಕೀಳಿಸುವುದು ಕಷ್ಟವಾಗುತ್ತಿರಲಿಲ್ಲ. ಆರಿಯ ಸಭೆಯ ಕ್ರಿಸ್ತನಲ್ಲಿ ಆರಿಯಪಂಥ ಕಾಣುತ್ತದೆಂದು ಇಪ್ಪತ್ತನೆಯ ಶತಮಾನದ ವಿದ್ವಾಂಸನು ಹೇಳಬಹುದು. ಆ ಪಂಥವನ್ನು ಕಣ್ಣಾರೆ ಕಂಡು, ಅದರೊಡನೆ ಹೋರಾಡಿದ ಬಿಷಪನಿಗೆ ಕಾಣಲಿಲ್ಲ. ಅವನಿಗೆ ಸಹಿಸಲಾಗದ್ದು ಅರಸ, ಅರಸನ ಪರಿವಾರ, ಅವರ ನೆನಪು.

ಇದರಿಂದ ಎರಡು ಸಭೆಗಳ ನಡುವೆ ಸಿದ್ಧಾಂತದ ಅಂತರವೇ ಇರಲಿಲ್ಲವೆಂದು ತೀರ್ಮಾನಿಸುವುದು ದುಡುಕು. 'ಏಕಸತ್ವ' ಎಂಬುದನ್ನು ಗಾಜಿನ ಚೂರುಗಳಲ್ಲಿ ಬರೆಯಲು ಬರುವುದಿಲ್ಲ. ಸಾದೃಶ್ಯ, ಸಮಾನತೆ, ಏಕತ್ವಗಳ ಸೂಕ್ಷ್ಮವನ್ನು ಹೇಳಬಲ್ಲದ್ದು ಭಾಷೆ. ಚಿತ್ರಕ್ಕೆ ಆ ವ್ಯಾಕರಣವಿಲ್ಲ. ನಿಕೇಯದ ಪಿತೃಗಳು ಆ ಒಂದು ಪದಕ್ಕಾಗಿ ಹೋರಾಡಿದ್ದು ವ್ಯರ್ಥವೆಂದು ನಾವು ಹೇಳುತ್ತಿಲ್ಲ; ರಕ್ಷಿಸುವವನು ದೇವರೇ ಆಗಿರಬೇಕು ಎಂಬ ಅಥನಾಸಿಯಸನ ವಾದದ ಬಲ ಇಂದಿಗೂ ಕುಂದಿಲ್ಲ. ಆದರೆ ಚಿತ್ರಗಳು ಒಂದನ್ನು ಖಚಿತಪಡಿಸುತ್ತವೆ. ದೇವಾಲಯದೊಳಗೆ ಕಾಲಿಟ್ಟ ಸಾಮಾನ್ಯ ಗಾಥ್ ವಿಶ್ವಾಸಿ ಕಂಡದ್ದು ಕುರುಡರಿಗೆ ಕಣ್ಣು ಕೊಡುವ, ರೊಟ್ಟಿ ಹಂಚುವ, ಲಾಜರನನ್ನು ಎಬ್ಬಿಸುವ, ಪ್ರಭಾವಲಯದಲ್ಲಿ ಶಿಲುಬೆಯ ಗುರುತುಳ್ಳ, ರಾಜಸಿಂಹಾಸನದ ಮೇಲೆ ದೇವದೂತರಿಂದ ಸುತ್ತುವರಿದ ಕರ್ತನನ್ನೇ. ಆ ವಿಶ್ವಾಸಿಗಳು ಕೀಳ್ದರ್ಜೆಯ ಕ್ರಿಸ್ತನೊಬ್ಬನನ್ನು ಆರಾಧಿಸುತ್ತಿದ್ದರೆಂಬ ಚಿತ್ರ ನಮ್ಮ ಪಠ್ಯಗಳಿಂದ ಬಂದದ್ದು. ಅವರ ಗೋಡೆಗಳಿಂದ ಬಂದದ್ದಲ್ಲ. ಈ ವಿಷಯದಲ್ಲಿ ಸಭೆಯ ವಿಧಿಗಳೂ ಗೋಡೆಯ ಜೊತೆಗಿವೆ. 381ರ ಮಹಾಸಭೆಯ ಹೆಸರಿನಲ್ಲಿ ಬಂದಿರುವ ಏಳನೆಯ ವಿಧಿಯು ಆರಿಯಪಂಥದಿಂದ ಬರುವವರಿಗೆ ಮತ್ತೆ ದೀಕ್ಷಾಸ್ನಾನ ಕೊಡಿಸದೆ, ತಮ್ಮ ದುರ್ಬೋಧನೆಯನ್ನು ಬರಹದಲ್ಲಿ ತ್ಯಜಿಸಿದವರನ್ನು ಅಭಿಷೇಕದಿಂದ ಸೇರಿಸಿಕೊಳ್ಳಲು ಹೇಳುತ್ತದೆ. ಅವರ ದೀಕ್ಷಾಸ್ನಾನವನ್ನು ಒಪ್ಪಿದ ಸಭೆ ಅವರ ಸ್ನಾನಗೃಹದ ಗುಮ್ಮಟವನ್ನೂ ಒಪ್ಪಿತು.

ಗೆದ್ದವರ ಚಿತ್ರಗಳಲ್ಲೂ ಇಂಥ ಬೆಸುಗೆಯ ಗೆರೆಗಳಿವೆ ಎಂಬುದನ್ನು ಹೇಳದಿದ್ದರೆ ಪಕ್ಷಪಾತವಾದೀತು. ಕನ್ಯೆಯರ ಮೆರವಣಿಗೆಯ ಮುಂದಾಳಾಗಿ ಅಗ್ನೆಲ್ಲಸನು ಆರಿಸಿದ್ದು ಯೂಫೇಮಿಯಳನ್ನು. 451ರ ಕಾಲ್ಸಿಡೋನ್ ಮಹಾಸಭೆ ಕೂಡಿದ್ದು ಅವಳ ದೇವಾಲಯದಲ್ಲಿ. 553ರಲ್ಲಿ ಜಸ್ಟಿನಿಯನ್ ಕರೆಸಿದ ಮಹಾಸಭೆಯು ಕಾಲ್ಸಿಡೋನನ್ನು ದುರ್ಬಲಗೊಳಿಸಿತೆಂದು ಮಿಲಾನ್, ಅಕ್ವಿಲೇಯ ಮುಂತಾದ ಉತ್ತರ ಇಟಲಿಯ ಸಭೆಗಳು ಸಂಬಂಧ ಕಡಿದುಕೊಂಡಿದ್ದವು. ಸಾಮ್ರಾಟನ ಪಕ್ಷದಲ್ಲಿ ಉಳಿದ ರವೆನ್ನದ ಬಿಷಪನು 'ನಾವೂ ಕಾಲ್ಸಿಡೋನಿನವರೇ' ಎಂದು ಗೋಡೆಯ ಮೇಲೆ ಹೇಳಿಸಿಕೊಂಡಂತಿದೆ. ಸಾನ್ ವಿತಾಲೆಯಲ್ಲಿ ಜಸ್ಟಿನಿಯನ್ ಮತ್ತು ಥಿಯೊಡೋರ ಚಿನ್ನದ ಪಾತ್ರೆಗಳನ್ನು ಹಿಡಿದು ಪೂಜ್ಯವೇದಿಯ ಕಡೆಗೆ ಬರುತ್ತಿದ್ದಾರೆ. ವಾಸ್ತವದಲ್ಲಿ ಇಬ್ಬರೂ ರವೆನ್ನಕ್ಕೆ ಎಂದೂ ಕಾಲಿಟ್ಟವರಲ್ಲ. ಆ ಗುಂಪಿನಲ್ಲಿ ತಲೆಯ ಮೇಲೆ ಹೆಸರು ಬರೆಸಿಕೊಂಡಿರುವುದು ಚಕ್ರವರ್ತಿಯಲ್ಲ, 547ರಲ್ಲಿ ದೇವಾಲಯವನ್ನು ಪ್ರತಿಷ್ಠೆ ಮಾಡಿದ ಬಿಷಪ್ ಮಾಕ್ಸಿಮಿಯಾನಸ್. ಚೂರುಗಳನ್ನು ಹತ್ತಿರದಿಂದ ಪರೀಕ್ಷಿಸಿದ ಸಂಶೋಧಕರು ಅವನ ತಲೆಯೂ ಹೆಸರೂ ಮೊದಲಿದ್ದ ಇನ್ನೊಬ್ಬ ಬಿಷಪನ ಜಾಗದಲ್ಲಿ ಆಮೇಲೆ ಕೂರಿಸಿದವೆಂದು ವಾದಿಸಿದ್ದಾರೆ. ಪಂಥದ ಮಾತು ಹಾಗಿರಲಿ. ಒಂದೇ ಪೀಠದಲ್ಲಿ ಕುಳಿತವರಲ್ಲೂ ಹಿಂದಿನವನ ಮುಖದ ಮೇಲೆ ತನ್ನ ಮುಖ ಕೂರಿಸುವ ಆಸೆ ಇತ್ತು! ಹೊಸ ದೇವಾಲಯ ಕಟ್ಟುವ ಉತ್ಸಾಹದಲ್ಲಿ ಹಳೆಯ ಗೋಡೆಯ ಸ್ಮಾರಕ ಫಲಕಗಳನ್ನು ಉಗ್ರಾಣಕ್ಕೆ ಸೇರಿಸುವ ನಮ್ಮ ಸಭೆಗಳಿಗೂ ಈ ಆಸೆ ತೀರ ಅಪರಿಚಿತವಲ್ಲ.

ಗಾಥ್ ಸಭೆಯ ಪುಸ್ತಕಗಳು ಬಹುಪಾಲು ನಾಶವಾದವು. ನೇರಳೆ ಬಣ್ಣದ ಚರ್ಮಪತ್ರದ ಮೇಲೆ ಬೆಳ್ಳಿಯ ಶಾಯಿಯಲ್ಲಿ ಬರೆದ ಸುವಾರ್ತೆಗಳ ಪ್ರತಿಯೊಂದು ಥಿಯೊಡೊರಿಕನ ಕಾಲದ ರವೆನ್ನದ್ದೆಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಅದರ 336 ಹಾಳೆಗಳಲ್ಲಿ 188 ಉಳಿದಿವೆ. 187 ಹಾಳೆಗಳು ಸ್ವೀಡನ್ ದೇಶದ ಉಪ್ಸಾಲ ವಿಶ್ವವಿದ್ಯಾಲಯದಲ್ಲಿವೆ. ಮಾರ್ಕನ ಸುವಾರ್ತೆಯ ಕೊನೆಯ ವಚನಗಳಿರುವ ಒಂದು ಹಾಳೆ ಮಾತ್ರ 1970ರಲ್ಲಿ ಜರ್ಮನಿಯ ಸ್ಪೈಯರ್ ಮಹಾದೇವಾಲಯದಲ್ಲಿ ಸಿಕ್ಕಿತು.

ಗೋಡೆಗೂ ಪುಸ್ತಕಕ್ಕೂ ಹೊರತಾದ ಇನ್ನೊಂದು ಸಾಕ್ಷಿ ನೇಪಲ್ಸ್ ನಗರದಲ್ಲಿದೆ. ಅದು 551ರ ಒಂದು ಪಪೈರಸ್ ಪತ್ರ. ರವೆನ್ನದ ಸಂತ ಅನಸ್ತಾಸಿಯಳ ಹೆಸರಿನ ಗಾಥ್ ದೇವಾಲಯದ ಸೇವಕವರ್ಗದವರು ಸಾಲ ತೀರಿಸಲಾಗದೆ ದೇವಾಲಯದ ಜವುಗುಭೂಮಿಯನ್ನು ಬಿಟ್ಟುಕೊಟ್ಟ ಕ್ರಯಪತ್ರ ಅದು. ಬೆಲಿಸಾರಿಯಸ್ ನಗರವನ್ನು ಹಿಡಿದು ಆಗಲೇ ಹನ್ನೊಂದು ವರ್ಷ ಕಳೆದಿತ್ತು. ಅಗ್ನೆಲ್ಲಸನು ಬಿಷಪನಾಗಲು ಇನ್ನೂ ಆರು ವರ್ಷವಿತ್ತು. ಪತ್ರದ ಒಕ್ಕಣೆ ಲ್ಯಾಟಿನ್. ರುಜು ಹಾಕಿದವರಲ್ಲಿ ನಾಲ್ವರು ಮಾತ್ರ ಗಾಥಿಕ್ ಲಿಪಿಯಲ್ಲಿ, ಗಾಥಿಕ್ ಭಾಷೆಯಲ್ಲಿ ಬರೆದಿದ್ದಾರೆ: ಪಾದ್ರಿ ಉಫಿತಹಾರಿ, ಸಭಾಸೇವಕ ಸುನ್ಯೈಫ್ರಿತಾಸ್, ಲಿಪಿಕಾರರಾದ ಮೆರಿಲ ಮತ್ತು ವಿಲ್ಯರಿತ್. ಹಿಂದೆ ಪಡೆದ 120 ಹೊನ್ನಿನ ನಾಣ್ಯಗಳ ಜೊತೆಗೆ ಈಗ 60 ನಾಣ್ಯಗಳನ್ನು ಪಡೆದೆವೆಂದೂ, ಜವುಗುಭೂಮಿಯ ಬೆಲೆ ಸಂದಿತೆಂದೂ, ಇದನ್ನು ತಮ್ಮ ಕೈಯಿಂದಲೇ ಬರೆದೆವೆಂದೂ ನಾಲ್ವರೂ ಒಂದೇ ರೀತಿಯಲ್ಲಿ ಹೇಳಿದ್ದಾರೆ.